ಮುಡಿಯಿಂದ ಕಂಟೇನರಿಗೆ: ಮಂಗಳೂರಿನ ಬಂದರುಗಳಲ್ಲಿ ಲೆಕ್ಕದ ಪರಂಪರೆ ಮತ್ತು ಗಣಕೀಕರಣ

ಬಂದರುಗಳ ಆಧುನಿಕೀಕರಣವನ್ನು ಕುರಿತು ಎಂಜಿನಿಯರುಗಳು ಬರೆದಿದ್ದಾರೆ, ಅರ್ಥಶಾಸ್ತ್ರಜ್ಞರು ಬರೆದಿದ್ದಾರೆ. ಜಾನಪದ ವಿದ್ವಾಂಸರು ಬರೆದದ್ದು ತೀರ ಕಡಿಮೆ. ಕರಾವಳಿಯ ಜಾನಪದವೆಂದರೆ ಪಾಡ್ದನ, ಭೂತಾರಾಧನೆ, ನೇಜಿ ನೆಡುವ ಕಬಿತ ಎಂಬ ಗ್ರಹಿಕೆ ನಮ್ಮ ಅಧ್ಯಯನಗಳಲ್ಲಿ ಬಲವಾಗಿ ಬೇರೂರಿದೆ. ದಕ್ಕೆಯ ಮೇಲೆ ನಿಂತು ಮೂಟೆ ಎಣಿಸಿದವನ ತಿಳಿವಳಿಕೆಯನ್ನು ಜ್ಞಾನಪರಂಪರೆಯೆಂದು ಪರಿಗಣಿಸುವ ರೂಢಿ ನಮ್ಮಲ್ಲಿ ಬೆಳೆದಿಲ್ಲ. ಆದುದರಿಂದ ಬಂದರಿಗೆ ಗಣಕಯಂತ್ರ ಬಂದಾಗ ಏನು ಬದಲಾಯಿತೆಂಬ ಪ್ರಶ್ನೆಗೆ ‘ವೇಗ ಹೆಚ್ಚಿತು’ ಎಂಬ ಒಂದೇ ಉತ್ತರ ಉಳಿದುಕೊಂಡಿದೆ. ಬಂದರು ಎಲ್ಲ ಕಾಲಕ್ಕೂ ಸರಕಿನಷ್ಟೇ ಸುದ್ದಿಯ ಮತ್ತು ಲೆಕ್ಕದ ತಾಣವಾಗಿತ್ತು. ಆ ಲೆಕ್ಕವನ್ನು ಯಾರು ಇಡುತ್ತಿದ್ದರು, ಯಾರು ಓದಬಲ್ಲವರಾಗಿದ್ದರು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಗಣಕೀಕರಣವನ್ನು ಈ ದೀರ್ಘ ಚರಿತ್ರೆಯ ಒಂದು ಘಟ್ಟವೆಂದು ಪರಿಭಾವಿಸಿ, ಮಂಗಳೂರಿನ ಎರಡು ಬಂದರುಗಳನ್ನು ಮುಖ್ಯ ಆಕರವಾಗಿಟ್ಟುಕೊಂಡು, ಅಗತ್ಯವಿದ್ದೆಡೆ ಅನ್ಯ ಬಂದರುಗಳತ್ತಲೂ ನೋಡುತ್ತ ಚರ್ಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲಿಗೆ ಪದಗಳನ್ನೇ ಗಮನಿಸಬಹುದು. ‘ಬಂದರು’ ಪಾರಸಿಯಿಂದ ಬಂದುದು. ‘ಲಂಗರು’ ಕೂಡ ಹಾಗೆಯೇ. ‘ಖಲಾಸಿ’ ಅರಬ್ಬಿ ಮೂಲದ್ದು. ಹಡಗಿನ ದಾರಿ ಬಲ್ಲ ‘ಮಾಲ್ಮಿ’ ಅರಬ್ಬಿಯ ‘ಮುಅಲ್ಲಿಮ್’, ಅಂದರೆ ಗುರು. ‘ಚುಕ್ಕಾಣಿ’ಯ ಬೇರು ಅರಬ್ಬಿಯ ‘ಸುಕ್ಕಾನ್’ನಲ್ಲಿದೆ, ಇಂದು ಸಮುದ್ರವನ್ನೇ ಕಾಣದ ಊರಿನ ರಾಜಕಾರಣಿಯೂ ಪಕ್ಷದ ಚುಕ್ಕಾಣಿ ಹಿಡಿಯುತ್ತಾನೆ. ತುಳುನಾಡಿನ ವಿಜಯನಗರ ಕಾಲದ ಶಾಸನಗಳಲ್ಲಿ ಕಾಣಿಸಿಕೊಳ್ಳುವ ‘ಹಂಜಮಾನ’ವು ಪಾರಸಿಯ ‘ಅಂಜುಮನ್’ ಎಂಬುದರ ರೂಪ. ಕಡಲಾಚೆಯಿಂದ ಬಂದು ನೆಲೆಸಿದ ವರ್ತಕರ ಸಂಘವನ್ನು ಅದು ಸೂಚಿಸುತ್ತದೆ. ಬಂದರಿನ ಭಾಷೆ ಎಂದೂ ಒಂದೇ ಭಾಷೆಯಾಗಿರಲಿಲ್ಲ. ಇಂದಿನ ‘ಗೇಟ್‌ಪಾಸ್’, ‘ಸ್ಕ್ಯಾನಿಂಗ್’, ‘ಸರ್ವರ್’ ಎಂಬ ಪದಗಳನ್ನು ಕೇಳಿ ಕನ್ನಡ ಕೆಟ್ಟಿತೆಂದು ಕೊರಗುವವರು ಈ ಹಿನ್ನೆಲೆಯನ್ನು ನೆನೆಯುವುದು ಒಳ್ಳೆಯದು.

ಬಂದರಿನಲ್ಲಿ ಸುದ್ದಿ ಮತ್ತು ಲೆಕ್ಕ ಹೇಗೆ ಚಲಿಸುತ್ತಿದ್ದುವೆಂಬುದಕ್ಕೆ ಮಂಗಳೂರಿಗೆ ಸಂಬಂಧಿಸಿದಂತೆ ಅಪರೂಪದ ದಾಖಲೆಗಳಿವೆ. ಟುನೀಶಿಯ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 12ನೆಯ ಶತಮಾನದ ಪೂರ್ವಾರ್ಧದಲ್ಲಿ, 1132ರ ಸುಮಾರಿನಿಂದ 1149ರವರೆಗೆ, ಮಲಬಾರ್ ತೀರದಲ್ಲಿ, ಮುಖ್ಯವಾಗಿ ಮಂಗಳೂರಿನಲ್ಲಿ ನೆಲೆಸಿದ್ದನು. ಅವನಿಗೆ ಏಡನ್ನಿನಿಂದ ಬಂದ ಪತ್ರಗಳು ಕೈರೋ ನಗರದ ಯೆಹೂದಿ ದೇವಾಲಯದ ಗೆನೀಜಾ ಕೋಣೆಯಲ್ಲಿ ಉಳಿದುಕೊಂಡು, 19ನೆಯ ಶತಮಾನದ ಕೊನೆಯಲ್ಲಿ ಕೇಂಬ್ರಿಜ್ ಮೊದಲಾದ ಗ್ರಂಥಾಲಯಗಳನ್ನು ಸೇರಿದವು. ಎಸ್. ಡಿ. ಗೊಯ್ಟೀನ್ ಅವುಗಳ ಅಧ್ಯಯನಕ್ಕೆ ತಳಹದಿ ಹಾಕಿದರು; ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ (1992) ಕೃತಿಯಿಂದ ಅವು ಸಾಮಾನ್ಯ ಓದುಗರಿಗೂ ಪರಿಚಿತವಾದವು. ಬೆನ್ ಯಿಜುವಿನ ಪ್ರತಿನಿಧಿಯಾಗಿ ಏಡನ್ನಿಗೆ ಹೋಗಿಬರುತ್ತಿದ್ದ ದಾಸನ ಹೆಸರು ಬೊಮ್ಮ. ನಮ್ಮವನೇ ಆದ ಈ ಬೊಮ್ಮನು ಏಡನ್ನಿನಲ್ಲಿ ಕುಡಿದು ಗಲಾಟೆ ಮಾಡಿ, ಅಲ್ಲಿನ ದೊಡ್ಡ ವರ್ತಕ ಮದ್ಮೂನನಿಂದ ಹೆಚ್ಚು ಹಣ ಕೇಳಿದ ಸಂಗತಿಯೂ ಪತ್ರದಲ್ಲಿ ದಾಖಲಾಗಿದೆ. ಸಾಮಾನ್ಯನೊಬ್ಬನು ಚರಿತ್ರೆಯಲ್ಲಿ ಉಳಿಯಬೇಕಾದರೆ ಎಷ್ಟೋ ವೇಳೆ ಅವನ ಮೇಲೊಂದು ದೂರು ಇರಬೇಕಾಗುತ್ತದೆ!

ಈ ಪತ್ರಗಳ ಒಡಲನ್ನು ನೋಡಿದರೆ ಅವು ಬಹುಮಟ್ಟಿಗೆ ಲೆಕ್ಕಪತ್ರಗಳು. ಮಂಗಳೂರಿನಿಂದ ಹೋದ ಮೆಣಸು, ಅಡಕೆ, ಕಬ್ಬಿಣ. ಏಡನ್ನಿನಿಂದ ಬಂದ ವಸ್ತ್ರ, ಸಕ್ಕರೆ, ಒಣದ್ರಾಕ್ಷಿ, ಮತ್ತು ಕಾಗದ. ಯಾವ ನಾಖುದಾನ ಹಡಗಿನಲ್ಲಿ ಎಷ್ಟು ಹೇರು ಹೋಯಿತು, ಯಾವುದು ಮುಟ್ಟಿತು, ಯಾವುದು ಮುಳುಗಿತು, ಸುಂಕವೆಷ್ಟಾಯಿತು ಎಂಬ ವಿವರಗಳು ಅಲ್ಲಿವೆ. ಮಹತ್ತ್ವದ ಪತ್ರಗಳಿಗೆ ಒಂದಕ್ಕಿಂತ ಹೆಚ್ಚು ಪ್ರತಿ ತೆಗೆದು ಬೇರೆ ಬೇರೆ ಹಡಗುಗಳಲ್ಲಿ ಕಳುಹಿಸುವ ರೂಢಿ ಆ ವ್ಯಾಪಾರದಲ್ಲಿತ್ತು. ಒಂದು ಹಡಗು ಮುಳುಗಿದರೂ ಲೆಕ್ಕ ಮುಳುಗಬಾರದು. ಇಂದಿನ ಗಣಕ ವ್ಯವಸ್ಥೆಯಲ್ಲಿ ಒಂದೇ ದತ್ತಾಂಶವನ್ನು ಎರಡು ದೂರದ ಕೇಂದ್ರಗಳಲ್ಲಿ ಕಾದಿಡುವ ಕ್ರಮದ ಹಿಂದಿರುವುದೂ ಇದೇ ಎಚ್ಚರ. ಕಾಗದವು ಏಡನ್ನಿನಿಂದ ಬರಬೇಕಾಗಿದ್ದುದೂ ಗಮನಾರ್ಹ. ಬರೆಯುವ ಸಾಧನ ಪರದೇಶದ್ದಾಗಿತ್ತು, ಬರೆದ ಲಿಪಿ ಇಲ್ಲಿಯವರಿಗೆ ತಿಳಿಯದ್ದಾಗಿತ್ತು. ಬೊಮ್ಮನು ಹೊತ್ತುಕೊಂಡು ಹೋದ ಪತ್ರದಲ್ಲಿ ತನ್ನ ಬಗ್ಗೆ ಏನಿದೆಯೆಂದು ಅವನು ಓದಬಲ್ಲವನಾಗಿದ್ದನೆಂದು ತೋರುವುದಿಲ್ಲ. ದಾಖಲೆಯನ್ನು ಹೊರುವವನು ಬೇರೆ, ಓದುವವನು ಬೇರೆ ಎಂಬ ಸ್ಥಿತಿ ಅಂದಿನಿಂದಲೇ ಇದೆ.

ಇದರ ಮಗ್ಗುಲಿಗೆ ಕನ್ನಡದ ಲೆಕ್ಕದ ಪರಂಪರೆಯನ್ನು ಇಟ್ಟು ನೋಡಬೇಕು. ಬೆನ್ ಯಿಜುವಿದ್ದ 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ರಚಿಸಿದನು. ಅಳತೆ, ತೂಕ, ಬೆಲೆ ಮೊದಲಾದ ವ್ಯವಹಾರದ ಸಮಸ್ಯೆಗಳಿಗಾಗಿ ದೇಶಭಾಷೆಯಲ್ಲಿ ಗ್ರಂಥ ಬರೆಯಬೇಕೆಂದು ಒಬ್ಬ ಕವಿಗೆ ತೋರಿದ್ದು ಸಣ್ಣ ಸಂಗತಿಯಲ್ಲ. ಗ್ರಂಥಸ್ಥ ಗಣಿತದ ಕೆಳಗೆ ಬಾಯಿಲೆಕ್ಕದ ವಿಶಾಲ ಲೋಕವೊಂದಿತ್ತು. ಕನ್ನಡ ನಾಡಿನ ಕಣಗಳಲ್ಲಿ ಧಾನ್ಯ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಸುವ ರೂಢಿಯನ್ನು ನಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೇವೆ. ಎಣಿಕೆ ಅಲ್ಲಿ ಬರಿಯ ಸಂಖ್ಯೆಯಾಗಿರಲಿಲ್ಲ; ಅದು ಹಾರೈಕೆಯೂ ಹೌದು, ಸುತ್ತ ನಿಂತವರೆಲ್ಲರ ಕಿವಿಗೆ ಬೀಳುವ ಬಹಿರಂಗ ಸಾಕ್ಷ್ಯವೂ ಹೌದು. ಅಳೆಯುವವನು ಗಟ್ಟಿಯಾಗಿ ಹೇಳುತ್ತಿದ್ದ, ಕೊಡುವವನೂ ಕೊಳ್ಳುವವನೂ ಕೇಳಿಸಿಕೊಳ್ಳುತ್ತಿದ್ದರು. ಅಕ್ಷರ ಬಾರದವನಿಗೂ ಆ ಲೆಕ್ಕವನ್ನು ಪರೀಕ್ಷಿಸುವ ಅಧಿಕಾರವಿತ್ತು ಎಂಬ ಅಂಶವನ್ನು ಮುಂದಿನ ಚರ್ಚೆಗಾಗಿ ಇಲ್ಲಿ ಒತ್ತಿ ಹೇಳುತ್ತೇನೆ.

ಕರಾವಳಿಯ ಅಕ್ಕಿಯ ವ್ಯಾಪಾರದಲ್ಲಿ ಈ ಲೆಕ್ಕದ ಘಟಕ ಮುಡಿ. ಒಣಹುಲ್ಲನ್ನು ಹರವಿ, ಅಳೆದ ಅಕ್ಕಿಯನ್ನು ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು, ಗುಂಡಗೆ ಬಡಿದು ಕಟ್ಟಿದ ಮುಡಿಯು ನಮ್ಮ ಗ್ರಾಮೀಣ ತಂತ್ರಜ್ಞಾನದ ಉತ್ತಮ ನಿದರ್ಶನ. ಮುಡಿಯಲ್ಲಿ ಅಕ್ಕಿ ಬೆಚ್ಚಗಿರುತ್ತದೆ, ಹುಳ ಹಿಡಿಯುವುದು ಕಡಿಮೆ, ಉರುಳಿಸಬಹುದು, ಒಂದರ ಮೇಲೊಂದು ಪೇರಿಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬಿಚ್ಚದೆಯೇ ಎಣಿಸಬಹುದು. ಒಂದು ಮುಡಿಗೆ ಎಷ್ಟು ಸೇರು ಎಂಬುದು ಸೀಮೆಯಿಂದ ಸೀಮೆಗೆ ಭಿನ್ನವಾಗಿತ್ತಾದರೂ, ಆಯಾ ಸೀಮೆಯಲ್ಲಿ ಅದು ಖಚಿತವಾಗಿತ್ತು. ಗೇಣಿಯನ್ನು ಮುಡಿಯಲ್ಲಿ ಗೊತ್ತುಮಾಡುತ್ತಿದ್ದರು, ಗದ್ದೆಯ ವಿಸ್ತಾರವನ್ನೂ ಬಿತ್ತನೆಯ ಮುಡಿಯ ಲೆಕ್ಕದಲ್ಲಿಯೇ ಹೇಳುತ್ತಿದ್ದರು.

ಕಂಟೇನರಿನ ತತ್ತ್ವವೂ ಇಷ್ಟೆ. 1956ರ ಏಪ್ರಿಲ್‌ನಲ್ಲಿ ‘ಐಡಿಯಲ್ ಎಕ್ಸ್’ ಎಂಬ ಹಡಗು ಅಮೆರಿಕದ ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ 58 ಪೆಟ್ಟಿಗೆಗಳನ್ನು ಹೊತ್ತು ಹೊರಟಾಗ, ಒಳಗಿರುವುದನ್ನು ಬಿಚ್ಚದೆ ಸಾಗಿಸುವ, ಬಿಚ್ಚದೆ ಎಣಿಸುವ ಕ್ರಮವು ಕಡಲ ವ್ಯಾಪಾರದ ಮುಖ್ಯ ಪ್ರವಾಹವನ್ನು ಸೇರಿತು. ಮುಂದಿನ ದಶಕದಲ್ಲಿ ಪೆಟ್ಟಿಗೆಯ ಅಳತೆಗಳಿಗೆ ಅಂತರರಾಷ್ಟ್ರೀಯ ಮಾನಕ ರೂಪುಗೊಂಡಿತು. ಇಂದು ಪ್ರತಿ ಪೆಟ್ಟಿಗೆಯ ಮೇಲೆ ನಾಲ್ಕು ಅಕ್ಷರಗಳೂ ಏಳು ಅಂಕಿಗಳೂ ಇರುತ್ತವೆ. ಕೊನೆಯ ಅಂಕಿ ಪರೀಕ್ಷೆಗೆ ಮೀಸಲು. ಮೊದಲ ಹತ್ತು ಸ್ಥಾನಗಳ ಅಕ್ಷರಾಂಕಿಗಳ ಬೆಲೆಗಳನ್ನು ಅನುಕ್ರಮವಾಗಿ 1, 2, 4, 8 ಎಂದು ದ್ವಿಗುಣಗೊಳ್ಳುತ್ತ ಹೋಗುವ ಸಂಖ್ಯೆಗಳಿಂದ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಕೊನೆಯ ಅಂಕಿ (ಶೇಷ 10 ಆದರೆ 0). ಯಾರಾದರೂ ಒಂದು ಅಂಕಿಯನ್ನು ತಪ್ಪಾಗಿ ಬರೆದರೆ ಶೇಷ ಹೊಂದುವುದಿಲ್ಲ, ಯಂತ್ರ ಅದನ್ನು ತಿರಸ್ಕರಿಸುತ್ತದೆ. ಕಣದಲ್ಲಿ ಗಟ್ಟಿಯಾಗಿ ಎಣಿಸುವಾಗ ಪಕ್ಕದಲ್ಲಿದ್ದವನು ‘ತಪ್ಪಿತು’ ಎಂದು ಕೂಗುತ್ತಿದ್ದನಲ್ಲ, ಆ ಪಕ್ಕದವನ ಕೆಲಸವನ್ನು ಇಲ್ಲಿ ಒಂದು ಅಂಕಿ ಮಾಡುತ್ತಿದೆ. ವ್ಯತ್ಯಾಸವೆಂದರೆ ಅಂಕಿಯು ಬರವಣಿಗೆಯ ತಪ್ಪನ್ನು ಹಿಡಿಯಬಲ್ಲುದು, ಪೆಟ್ಟಿಗೆಯೊಳಗಿನ ಸುಳ್ಳನ್ನು ಹಿಡಿಯಲಾರದು.

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಗಿದೆ. ದೊಡ್ಡ ಹಡಗುಗಳು ಅಳಿವೆಯ ಮರಳುದಿಬ್ಬ ದಾಟಲಾರದೆ ತೆರೆದ ಕಡಲಿನಲ್ಲಿ ಲಂಗರು ಹಾಕುತ್ತಿದ್ದವು. ಕಾಫಿ, ಗೋಡಂಬಿ, ಹಂಚುಗಳನ್ನು ದೋಣಿಗಳಲ್ಲಿ ಹೇರಿಕೊಂಡು ಹೋಗಿ ಏರಿಸಬೇಕಾಗಿತ್ತು. ಮಳೆಗಾಲದಲ್ಲಿ ಎಲ್ಲವೂ ಸ್ತಬ್ಧ. 1865ರಲ್ಲಿ ಬಾಸೆಲ್ ಮಿಷನ್ ಸ್ಥಾಪಿಸಿದ ಹಂಚಿನ ಕಾರ್ಖಾನೆಯ ಹಂಚುಗಳು ಬೆನ್ನಿನ ಮೇಲೆ ಕಾರ್ಖಾನೆಯ ಮುದ್ರೆ ಹೊತ್ತು ದೂರದೇಶಗಳನ್ನು ಸೇರಿದವು. ಇಂದಿಗೂ ಹಳೆಯ ಮನೆಯೊಂದರ ಮಾಡು ಇಳಿಸಿದಾಗ ಹಂಚು ತಾನೆಲ್ಲಿ ಹುಟ್ಟಿದೆನೆಂದು ಹೇಳುತ್ತದೆ. ಸರಕಿನ ಮೈಮೇಲೆಯೇ ಅದರ ಹುಟ್ಟನ್ನು ಬರೆಯುವ ಕ್ರಮಕ್ಕೆ ಅದೊಂದು ಹಳೆಯ ಉದಾಹರಣೆ.

ಈ ಬಂದರಿನ ಅತ್ಯಂತ ವಿಶಿಷ್ಟ ನಂಟು ಲಕ್ಷದ್ವೀಪದ ಜೊತೆಗಿನದು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳ ಅಮೀನ್‌ದೀವಿ ಸಮೂಹವು 1787ರಲ್ಲಿ ಟಿಪ್ಪು ಸುಲ್ತಾನನ ಅಧೀನಕ್ಕೂ 1799ರಲ್ಲಿ ಕಂಪನಿಯ ಅಧೀನಕ್ಕೂ ಬಂದು, 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಸರ್ಕಾರಕ್ಕೇ ಒಪ್ಪಿಸಬೇಕಾಗಿತ್ತು; ಗೊತ್ತುಪಡಿಸಿದ ದರದಲ್ಲಿ ಅವರಿಗೆ ಅಕ್ಕಿ ದೊರೆಯುತ್ತಿತ್ತು. ಹುರಿಯನ್ನು ತೂಗಿದವನೂ ಸರ್ಕಾರದವನೇ, ಅಕ್ಕಿಯನ್ನು ಅಳೆದವನೂ ಸರ್ಕಾರದವನೇ. ಕಣದ ಬಹಿರಂಗ ಎಣಿಕೆಗೂ ಈ ಏಕಸ್ವಾಮ್ಯದ ತಕ್ಕಡಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ. ಗತಕಾಲದ ಲೆಕ್ಕವೆಲ್ಲ ಮಾನವೀಯ, ಯಂತ್ರದ ಲೆಕ್ಕವೆಲ್ಲ ನಿರ್ದಯ ಎಂಬ ಸರಳ ವಿಭಜನೆಗೆ ನಮ್ಮ ಜಾನಪದ ಬರಹಗಳು ಪದೇ ಪದೇ ಜಾರುವುದರಿಂದ ಈ ಮಾತನ್ನು ಹೇಳಬೇಕಾಯಿತು.

ಅದೇ ದ್ವೀಪಗಳ ಮಾಲ್ಮಿಗಳು ನಕ್ಷತ್ರಗಳ ಎತ್ತರವನ್ನು ಗಂಟುಹಾಕಿದ ದಾರವುಳ್ಳ ಮರದ ಹಲಗೆಯಿಂದ ಅಳೆದು ದಾರಿ ಗುರುತಿಸುತ್ತಿದ್ದರು. ಆ ವಿದ್ಯೆಯನ್ನು ‘ರಹ್ಮಾನಿ’ ಎಂಬ ಕೈಪಿಡಿಗಳಲ್ಲಿ ಬರೆದಿಡುತ್ತಿದ್ದರು. ಕವರತ್ತಿಯ ಮಾಲ್ಮಿಯೊಬ್ಬರ ಇಂತಹ ಕೈಪಿಡಿಯನ್ನು ಲೋತಿಕಾ ವರದರಾಜನ್ ಅವರು ಸಂಪಾದಿಸಿ 2004ರಲ್ಲಿ ಪ್ರಕಟಿಸಿದ್ದಾರೆ. ಗಂಟುಗಳನ್ನು ಎಣಿಸಿ ಅಕ್ಷಾಂಶವನ್ನು ತಿಳಿಯುವುದು ಬಾಯಿಪಾಠ, ಬರಹ ಮತ್ತು ಉಪಕರಣ ಮೂರೂ ಬೆರೆತ ಜ್ಞಾನ. ‘ಮೌಖಿಕ’ ಮತ್ತು ‘ಲಿಖಿತ’ ಎಂಬ ನಮ್ಮ ಪರಿಚಿತ ವಿಂಗಡಣೆ ದಕ್ಕೆಯ ಮೇಲೆ ನಿಲ್ಲುವುದಿಲ್ಲ.

ಹಳೆಯ ಬಂದರಿನಿಂದ ಸುಮಾರು ಹತ್ತು ಕಿಲೋಮೀಟರು ಉತ್ತರಕ್ಕಿರುವ ಪಣಂಬೂರಿನಲ್ಲಿ ನೆಲವನ್ನು ಅಗೆದು, ಕಡಲನ್ನು ಒಳಗೆ ಬರಮಾಡಿಕೊಂಡು ನಿರ್ಮಿಸಿದ ಹೊಸ ಬಂದರು 1974ರ ಮೇ 4ರಂದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಮಳೆಗಾಲದಲ್ಲಿಯೂ ಹಡಗು ಬರುವ ಸರ್ವಋತು ಬಂದರು ಕನ್ನಡ ನಾಡಿಗೆ ದೊರೆತದ್ದು ಆಗಲೇ. ಕುದುರೆಮುಖದ ಕಬ್ಬಿಣದ ಅದಿರು ನೀರಿನೊಡನೆ ಕೆಸರಾಗಿ ಕೊಳವೆಯಲ್ಲಿ ಹರಿದು ಇಲ್ಲಿಗೆ ಬರುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಮೂಟೆ ಎಣಿಸುವ ಪ್ರಶ್ನೆಯೇ ಇಲ್ಲದ, ಕೊಳವೆಯಲ್ಲಿ ಹರಿಯುವ ಸರಕು ಮಂಗಳೂರಿಗೆ ಪರಿಚಯವಾದದ್ದು ಹೀಗೆ. ದಕ್ಕೆಯ ಎಣಿಕೆಗಾರನ ಅಗತ್ಯ ಕುಗ್ಗಲು ಗಣಕಯಂತ್ರವೊಂದೇ ಕಾರಣವೆಂಬ ಅಭಿಪ್ರಾಯ ಅಷ್ಟಾಗಿ ಸರಿಯಲ್ಲ. ಕೊಳವೆ, ಸಾಗಣೆಪಟ್ಟಿ, ಕಂಟೇನರುಗಳು ಆ ಕೆಲಸವನ್ನು ಅದಾಗಲೇ ಅರ್ಧ ಮುಗಿಸಿದ್ದವು.

ಗಣಕೀಕರಣದ ನಿಜವಾದ ರಂಗ ದಕ್ಕೆಯಾಗಿರಲಿಲ್ಲ, ಕಚೇರಿಯಾಗಿತ್ತು. ಒಂದು ಹಡಗು ಬಂದರಿಗೆ ಬರಬೇಕಾದರೆ ಅದರ ಏಜೆಂಟನು ಬಂದರು ಕಚೇರಿ, ಸುಂಕದ ಕಚೇರಿ, ವಲಸೆ ಅಧಿಕಾರಿ, ಆರೋಗ್ಯಾಧಿಕಾರಿ ಹೀಗೆ ಹಲವು ಮೇಜುಗಳಿಗೆ ಹೆಚ್ಚುಕಡಿಮೆ ಒಂದೇ ವಿವರವನ್ನು ಬೇರೆ ಬೇರೆ ನಮೂನೆಗಳಲ್ಲಿ, ಹಲವು ಪ್ರತಿಗಳಲ್ಲಿ ಸಲ್ಲಿಸಬೇಕಾಗಿತ್ತು. ಈ ತೊಡಕು ಜಗತ್ತಿನಾದ್ಯಂತ ಇತ್ತು. 1965ರಲ್ಲಿ ಕಡಲ ಸಂಚಾರವನ್ನು ಸುಗಮಗೊಳಿಸುವ ಅಂತರರಾಷ್ಟ್ರೀಯ ಒಡಂಬಡಿಕೆಯೊಂದು ಏರ್ಪಟ್ಟು, ಸರಕುಪಟ್ಟಿ, ಸಿಬ್ಬಂದಿಪಟ್ಟಿ, ಪ್ರಯಾಣಿಕರ ಪಟ್ಟಿ ಮೊದಲಾದವುಗಳಿಗೆ ಏಕರೂಪದ ನಮೂನೆಗಳನ್ನು ತಂದಿತು. ಅದೇ ಒಡಂಬಡಿಕೆಯ ತಿದ್ದುಪಡಿಗಳಂತೆ 2019ರ ಏಪ್ರಿಲ್ 8ರಿಂದ ಈ ಮಾಹಿತಿಯ ವಿದ್ಯುನ್ಮಾನ ವಿನಿಮಯ ಕಡ್ಡಾಯವಾಯಿತು. 2024ರ ಜನವರಿ 1ರಿಂದ ಎಲ್ಲ ವಿವರವನ್ನೂ ಒಂದೇ ‘ಕಿಟಕಿ’ಯಲ್ಲಿ ಸ್ವೀಕರಿಸುವ ವ್ಯವಸ್ಥೆ ಸದಸ್ಯ ರಾಷ್ಟ್ರಗಳಿಗೆಲ್ಲ ಕಡ್ಡಾಯವಾಯಿತು.

ಭಾರತದಲ್ಲಿ ಸುಂಕ ಇಲಾಖೆ 1990ರ ದಶಕದಲ್ಲಿ ಗಣಕೀಕರಣವನ್ನು ಆರಂಭಿಸಿತು. ಅದರ ‘ಐಸ್‌ಗೇಟ್’ ಎಂಬ ಅಂತರಜಾಲ ದ್ವಾರದ ಮೂಲಕ ಆಮದುದಾರನು ತನ್ನ ಕಚೇರಿಯಿಂದಲೇ ದಾಖಲೆ ಸಲ್ಲಿಸುವುದು ಸಾಧ್ಯವಾಯಿತು. ಯಾವ ಪೆಟ್ಟಿಗೆಯನ್ನು ಬಿಚ್ಚಿ ನೋಡಬೇಕೆಂದು ನಿರ್ಧರಿಸುವ ಕೆಲಸವನ್ನು 2005ರಿಂದ ‘ಅಪಾಯ ನಿರ್ವಹಣಾ ವ್ಯವಸ್ಥೆ’ ಎಂಬ ತಂತ್ರಾಂಶಕ್ಕೆ ವಹಿಸಲಾಯಿತು. ಪ್ರಮುಖ ಬಂದರುಗಳಿಗೆ ಸಾಮಾನ್ಯವಾದ ‘ಪೋರ್ಟ್ ಕಮ್ಯುನಿಟಿ ಸಿಸ್ಟಮ್’ ಅನ್ನು ಭಾರತೀಯ ಬಂದರುಗಳ ಸಂಘ ರೂಪಿಸಿತು. 2018ರ ಡಿಸೆಂಬರ್‌ನಲ್ಲಿ ಅದರ ಪರಿಷ್ಕೃತ ಆವೃತ್ತಿಯೂ, 2023ರ ಜನವರಿಯಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ಪೋರ್ಟಲಿನ ಕಡಲ ವಿಭಾಗವೂ ಬಂದವು. ಕಂಟೇನರುಗಳಿಗೆ ರೇಡಿಯೊ ತರಂಗಗಳಿಂದ ಓದಬಹುದಾದ ಗುರುತುಚೀಟಿ ಅಂಟಿಸಿ ಅವುಗಳ ಚಲನೆಯನ್ನು ಹಿಂಬಾಲಿಸುವ ಯೋಜನೆ 2016ರಲ್ಲಿ ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಮೊದಲಾಗಿ ಬಳಿಕ ಇತರ ಬಂದರುಗಳಿಗೂ ವಿಸ್ತರಿಸಿತು.

ಇದರಿಂದ ಆದ ಒಳಿತನ್ನು ಅಲ್ಲಗಳೆಯಲಾಗದು. ಒಂದು ಕಡತ ಮೇಜಿನಿಂದ ಮೇಜಿಗೆ ಹೋಗಲು ಏನೇನು ಬೇಕಾಗುತ್ತಿತ್ತೆಂದು ಬಲ್ಲವರು ಬಲ್ಲರು. ನಾನು ಮಾತನಾಡಿಸಿದ ನಿವೃತ್ತ ಗುಮಾಸ್ತರೊಬ್ಬರು, “ಮೊದಲು ಅಧಿಕಾರಿಯ ಮುಖ ನೋಡಿ ಆ ದಿನ ಕೆಲಸ ಆಗುತ್ತದೋ ಇಲ್ಲವೋ ಹೇಳುತ್ತಿದ್ದೆವು, ಈಗ ನೋಡಲಿಕ್ಕೆ ಮುಖವೇ ಇಲ್ಲ” ಎಂದರು. ಅದನ್ನು ಅವರು ದೂರಾಗಿ ಹೇಳಿದರೋ ಮೆಚ್ಚುಗೆಯಾಗಿ ಹೇಳಿದರೋ ನನಗೆ ಇಂದಿಗೂ ಸ್ಪಷ್ಟವಾಗಿಲ್ಲ. ಬಂದರಿನ ಹೊರಗೆ ಸಾಲುಗಟ್ಟಿ ನಿಂತ ಲಾರಿಚಾಲಕರ ಬಾಯಲ್ಲಿ ‘ಸರ್ವರ್ ಇಜ್ಜಿ’ (ಸರ್ವರ್ ಇಲ್ಲ) ಎಂಬ ಮಾತು ಹಳೆಯ ‘ಸಾಹೇಬರು ಇಲ್ಲ’ ಎಂಬುದರ ಸ್ಥಾನದಲ್ಲಿ ಕುಳಿತಿದೆ. ಸರ್ವರ್ ಬರುತ್ತದೆ, ಹೋಗುತ್ತದೆ, ಮುನಿಯುತ್ತದೆ. ಕಾಣದ ಅಧಿಕಾರಕ್ಕೆ ವ್ಯಕ್ತಿತ್ವ ಕೊಟ್ಟು ಮಾತನಾಡುವುದು ಈ ನೆಲದ ಜನರಿಗೆ ಹೊಸದಲ್ಲ. ಮುಸ್ಲಿಂ ವರ್ತಕನ ಮಗನಾಗಿ ಹುಟ್ಟಿ, ಕಡಲ ವ್ಯಾಪಾರಿಯಾಗಿ ಬದುಕಿ, ಕೊನೆಗೆ ಮಾಯಕ್ಕೆ ಸಂದು ಮೊಗವೀರರ ದೈವವಾದ ಬೊಬ್ಬರ್ಯನ ಗುಂಡಗಳು ಇದೇ ತೀರದಲ್ಲಿವೆ. ಆದರೆ ಬೊಬ್ಬರ್ಯನು ಕೋಲದ ದಿನ ಎದುರು ನಿಂತು ನುಡಿ ಕೊಡುತ್ತಾನೆ, ದೂರು ಕೇಳುತ್ತಾನೆ. ತಡೆಹಿಡಿದ ಪೆಟ್ಟಿಗೆಯ ವಾರಸುದಾರನಿಗೆ ತಂತ್ರಾಂಶವು ಕಾರಣ ಹೇಳುವುದಿಲ್ಲ.

ಮತ್ತೊಂದು ಬದಲಾವಣೆ ಗಣಕೀಕರಣದ ಜೊತೆಜೊತೆಗೇ ಬಂದದ್ದು. ಹಡಗು ಮತ್ತು ಬಂದರುಗಳ ಭದ್ರತೆಯ ಅಂತರರಾಷ್ಟ್ರೀಯ ಸಂಹಿತೆ 2004ರ ಜುಲೈ 1ರಿಂದ ಜಾರಿಗೆ ಬಂದಿತು. ಬಂದರಿನ ಸುತ್ತ ಬೇಲಿ, ಕ್ಯಾಮರಾ, ಗುರುತುಚೀಟಿಗಳು ಅನಿವಾರ್ಯವಾದವು. ತೀರದಲ್ಲಿ ನಿಂತು ಹಡಗನ್ನು ಗುರುತಿಸಿ, ಇದು ಇಂತಹ ಸರಕಿನದು, ಇಂತಹ ದಿಕ್ಕಿನದು ಎನ್ನುತ್ತಿದ್ದ ಊರಿನವರು ಬೇಲಿಯ ಹೊರಗಾದರು. ಹಡಗು ತನ್ನ ಹೆಸರು, ಸ್ಥಾನ, ವೇಗಗಳನ್ನು ತಾನೇ ಸಾರುವ ಸ್ವಯಂಚಾಲಿತ ಗುರುತು ವ್ಯವಸ್ಥೆಯೂ ಆ ವರ್ಷದ ಕೊನೆಯೊಳಗೆ ಅಂತರರಾಷ್ಟ್ರೀಯ ಸಂಚಾರದ 300 ಟನ್ ಮೇಲ್ಪಟ್ಟ ಹಡಗುಗಳಿಗೆ ಕಡ್ಡಾಯವಾಯಿತು. ಇಂದು ಪಣಂಬೂರಿನ ಹೊರಗೆ ನಿಂತ ಹಡಗಿನ ಹೆಸರನ್ನು ಸಾವಿರ ಮೈಲಿ ಆಚೆಯವನೂ ಅಂತರಜಾಲದಲ್ಲಿ ನೋಡಬಹುದು. ಆದರೆ ಚಿಕ್ಕ ದೋಣಿ ಈ ಪರದೆಯ ಮೇಲೆ ಮೂಡುವುದು ನಿಧಾನ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ದೋಣಿಯ ಸಂಪರ್ಕ ಎರಡು ದಿನಗಳ ಬಳಿಕ ಕಡಿದುಹೋಯಿತು. ಅದರ ಅವಶೇಷ ಮಹಾರಾಷ್ಟ್ರದ ತೀರದಾಚೆ ಪತ್ತೆಯಾಗಲು 2019ರ ಮೇ ತಿಂಗಳವರೆಗೆ ಕಾಯಬೇಕಾಯಿತು. ಮೀನುಗಾರಿಕಾ ದೋಣಿಗಳಿಗೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನಗಳನ್ನು ಅಳವಡಿಸುವ ರಾಷ್ಟ್ರೀಯ ಯೋಜನೆ 2024ರಲ್ಲಿ ಉದ್ಘಾಟನೆಯಾಯಿತು.

ದಾಖಲೆ ಮತ್ತು ವಸ್ತುವಿನ ನಡುವಣ ಬಿರುಕು ಎಷ್ಟು ದೊಡ್ಡದಾಗಬಲ್ಲದೆಂಬುದಕ್ಕೆ ಕರ್ನಾಟಕದ ಚರಿತ್ರೆಯಲ್ಲಿ ಬೇಲೆಕೇರಿ ಪ್ರಕರಣದಂತಹ ಉದಾಹರಣೆ ಮತ್ತೊಂದಿಲ್ಲ. ಅಂಕೋಲಾ ತಾಲ್ಲೂಕಿನ ಈ ಕಿರುಬಂದರಿನಲ್ಲಿ 2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆ ಲಕ್ಷಾಂತರ ಟನ್ ಅಕ್ರಮ ಕಬ್ಬಿಣದ ಅದಿರನ್ನು ವಶಪಡಿಸಿಕೊಂಡಿತು. ಕಾಗದದ ಮೇಲೆ ಆ ಅದಿರು ಸರ್ಕಾರದ ವಶದಲ್ಲಿತ್ತು. ನೆಲದ ಮೇಲಿನ ರಾಶಿಗಳು ಕೆಲವೇ ತಿಂಗಳಲ್ಲಿ ಹಡಗೇರಿ ಹೋಗಿದ್ದವು. ಈ ಪ್ರಕರಣದ ಸಂದರ್ಭದಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ರಾಜೀನಾಮೆ ಸಲ್ಲಿಸಿ ಬಳಿಕ ಹಿಂಪಡೆದರು. 2011ರ ಜುಲೈನಲ್ಲಿ ಅವರು ಸಲ್ಲಿಸಿದ ಅಕ್ರಮ ಗಣಿಗಾರಿಕೆಯ ವರದಿ ರಾಜ್ಯದ ರಾಜಕಾರಣವನ್ನೇ ಅಲುಗಾಡಿಸಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಹಲವರಿಗೆ ಶಿಕ್ಷೆ ವಿಧಿಸಿತು; ಅದರ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಕೆಯಾಯಿತು. ಸುಂಕ ಇಲಾಖೆಗೆ ಗಣಕಯಂತ್ರ ಬಂದು ದಶಕ ಕಳೆದಿದ್ದ ಕಾಲವದು. ಅದಿರಿನ ಧೂಳು ಊರಿನವರ ಅಂಗಳದಲ್ಲಿ ಬೀಳುತ್ತಿತ್ತು, ಲಾರಿಗಳ ಸಾಲು ಎಲ್ಲರಿಗೂ ಕಾಣುತ್ತಿತ್ತು. ಕಂಡದ್ದನ್ನು ಹೇಳಲು ಅವರಿಗೆ ಮಾತ್ರ ಒಂದು ಅಂಕಣವಿರಲಿಲ್ಲ. ಕಣದಲ್ಲಿ ಸುತ್ತ ನಿಂತವರಿಗಿದ್ದ ‘ತಪ್ಪಿತು’ ಎನ್ನುವ ಅಧಿಕಾರ ಬಂದರಿನ ಯಾವ ನಮೂನೆಯಲ್ಲಿಯೂ, ಕಾಗದದ್ದಾಗಲಿ ಗಣಕದ್ದಾಗಲಿ, ಸ್ಥಾನ ಪಡೆದಿಲ್ಲ. ಗಣಕೀಕರಣದ ಬಗೆಗಿನ ನನ್ನ ಮುಖ್ಯ ಆಕ್ಷೇಪ ಇದು.

ಕೈಲೆಕ್ಕವು ಕೇವಲ ಸ್ಮರಣೆಯ ವಸ್ತುವಲ್ಲವೆಂಬುದು 2017ರ ಜೂನ್ ಕೊನೆಯ ವಾರದಲ್ಲಿ ಜಗತ್ತಿಗೆ ತಿಳಿಯಿತು. ‘ನಾಟ್‌ಪೆಟ್ಯಾ’ ಎಂಬ ದುರುದ್ದೇಶದ ತಂತ್ರಾಂಶ ಮೆರ್ಸ್ಕ್ ಸಮೂಹದ ಗಣಕಜಾಲವನ್ನು ನಿಷ್ಕ್ರಿಯಗೊಳಿಸಿದಾಗ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹ ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸವೂ ಅಸ್ತವ್ಯಸ್ತವಾಗಿ, ಕೈಯಿಂದಲೇ ನಿರ್ವಹಿಸಬೇಕಾಯಿತು. ಯಾವ ಪೆಟ್ಟಿಗೆ ಯಾವ ಸಾಲಿನಲ್ಲಿದೆ ಎಂಬುದು ಯಂತ್ರಕ್ಕೆ ಮಾತ್ರ ಗೊತ್ತಿದ್ದು, ಯಂತ್ರ ಮೌನವಾದರೆ ಅಂಗಳದ ತುಂಬ ಉಕ್ಕಿನ ಪೆಟ್ಟಿಗೆಗಳಷ್ಟೇ ಉಳಿಯುತ್ತವೆ. ಇನ್ನು 2025ರ ಮೇ 25ರಂದು ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಹಡಗು 640 ಕಂಟೇನರುಗಳೊಡನೆ ಮುಳುಗಿದಾಗ, ಅವುಗಳಲ್ಲಿ 13 ಅಪಾಯಕಾರಿ ಸರಕಿನವು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇದೆಯೆಂದು ಕರಾವಳಿ ಕಾವಲು ಪಡೆ ಪ್ರಕಟಿಸಿತು. ದಾಖಲೆಯಿದ್ದುದರಿಂದಲೇ ಅಷ್ಟು ಬೇಗ ಎಚ್ಚರಿಕೆ ಕೊಡುವುದು ಸಾಧ್ಯವಾಯಿತು. ಇದನ್ನು ಗಣಕದ ಪರವಾಗಿ ಹೇಳಲೇಬೇಕು. ಬಳಿಕ ಕೇರಳದ ದಡಕ್ಕೆ ಚೀಲಚೀಲವಾಗಿ ತೇಲಿಬಂದ ಪ್ಲಾಸ್ಟಿಕ್ ಹರಳುಗಳನ್ನು ಮರಳಿನಿಂದ ಹೆಕ್ಕಿದ್ದು ಮಾತ್ರ ಮನುಷ್ಯರ ಕೈಗಳು. ಅದಾದ ಎರಡೇ ವಾರದಲ್ಲಿ ‘ವಾನ್ ಹೈ 503’ ಹಡಗು ಕೇರಳದಾಚೆ ಹೊತ್ತಿ ಉರಿದಾಗ ರಕ್ಷಿಸಲ್ಪಟ್ಟ 18 ಮಂದಿ ನಾವಿಕರನ್ನು ಕರೆತಂದದ್ದು ಪಣಂಬೂರಿಗೆ.

ಈ ಚರ್ಚೆಯಿಂದ ಜಾನಪದ ಅಧ್ಯಯನಕ್ಕೆ ಒದಗುವ ಕೆಲಸ ತುರ್ತಿನದು. ಟ್ಯಾಲಿ ಗುಮಾಸ್ತರ, ತಂಡೇಲರ, ಹಮಾಲಿ ಮುಖಂಡರ ಕೊನೆಯ ತಲೆಮಾರು ಈಗ ಎಪ್ಪತ್ತು-ಎಂಬತ್ತರ ವಯಸ್ಸಿನಲ್ಲಿದೆ. ಅವರ ನಾಲಗೆಯ ಮೇಲಿರುವ ಪದಕೋಶ, ಎಣಿಕೆಯ ಕ್ರಮ, ಹಡಗು ಓದುವ ವಿಧಾನಗಳನ್ನು ಧ್ವನಿಮುದ್ರಿಸಬೇಕು. ಬರಹದ ಆಕರಗಳ ಸ್ಥಿತಿ ಇನ್ನೂ ಶೋಚನೀಯ. ಗಣಕ ಬಂದ ಮೇಲೆ ಹಳೆಯ ರಿಜಿಸ್ಟರುಗಳು ಜಾಗ ನುಂಗುವ ಕಸವಾದವು. ಸರಕು ಸಾಗಣೆಯ ಕಚೇರಿಯೊಂದರಲ್ಲಿ ನಾನು ಹಳೆಯ ದೋಣಿಲೆಕ್ಕದ ಪುಸ್ತಕಗಳಿಗಾಗಿ ವಿಚಾರಿಸಿದಾಗ, ಹಿಂದಿನ ವರ್ಷ ಅವನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದ್ದು ತಿಳಿಯಿತು. ಇಂಗ್ಲೆಂಡಿನ ಖಜಾನೆಯವರು ತಮ್ಮ ಹಳೆಯ ಲೆಕ್ಕದ ಕಡ್ಡಿಗಳು ಇನ್ನು ಬೇಡವೆಂದು 1834ರ ಅಕ್ಟೋಬರ್‌ನಲ್ಲಿ ಒಲೆಗೆ ಹಾಕಿಸಿದಾಗ ಹೊತ್ತಿದ ಬೆಂಕಿಯಲ್ಲಿ ಸಂಸತ್ ಭವನವೇ ಉರಿದುಹೋಯಿತು. ನಮ್ಮಲ್ಲಿ ಅಂತಹ ಸದ್ದಿಲ್ಲದೆ ಕೆಲಸ ಮುಗಿಯುತ್ತದೆ. ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ತಾಳೆಗರಿಗಳಿಗೆ ತೋರುವ ಗೌರವದಲ್ಲಿ ಸ್ವಲ್ಪವನ್ನಾದರೂ ಈ ರಿಜಿಸ್ಟರುಗಳಿಗೆ ತೋರಬೇಕು. ಗಣಕದ ದಾಖಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಪರಿಷ್ಕೃತ ವ್ಯವಸ್ಥೆ ಬಂದಾಗ ಹಿಂದಿನ ವ್ಯವಸ್ಥೆಯ ದತ್ತಾಂಶ ಎಲ್ಲಿಗೆ ಹೋಗುತ್ತದೆಂದು ಕೇಳುವ ಚರಿತ್ರಕಾರರು ಇಂದೇ ಬೇಕಾಗಿದ್ದಾರೆ.

ಹಳೆಯ ಬಂದರಿನಲ್ಲಿ ಮಂಜಿಗಳು ಈಗಲೂ ಲಕ್ಷದ್ವೀಪಕ್ಕೆ ತರಕಾರಿ, ದಿನಸಿ, ಕಟ್ಟಡದ ಸಾಮಗ್ರಿಗಳನ್ನು ಹೇರಿಕೊಂಡು ಹೋಗುತ್ತವೆ. ಅಲ್ಲಿ ಭೇಟಿಯಾದ ನಿವೃತ್ತ ಟ್ಯಾಲಿ ಗುಮಾಸ್ತರೊಬ್ಬರು ಮನೆಯಲ್ಲಿ ಉಳಿಸಿಕೊಂಡಿದ್ದ ಒಂದೇ ಒಂದು ಟಿಪ್ಪಣಿ ಪುಸ್ತಕವನ್ನು ನನಗೆ ತೋರಿಸಿದರು. ಪುಟದ ತುಂಬ ನಾಲ್ಕು ನೆಟ್ಟಗೆರೆ, ಅವುಗಳ ಮೇಲೆ ಅಡ್ಡಲಾಗಿ ಐದನೆಯದು. ಒಂದೆಡೆ ಒಂದು ಗೆರೆಯನ್ನು ಹೊಡೆದುಹಾಕಿ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ನೀರಿಗೆ ಬಿದ್ದಿದೆ, ತೆಗೆದಿದೆ, ಒದ್ದೆ’ ಎಂದು ಬರೆದಿದ್ದರು. ಆ ಮೂಟೆಯನ್ನು ಲೆಕ್ಕಕ್ಕೆ ಸೇರಿಸಿದಿರೋ ಬಿಟ್ಟಿರೋ ಎಂದು ಕೇಳಿದೆ. ಎರಡು ಕಡೆಯವರನ್ನೂ ಕರೆದು ಕೇಳಿಯೇ ಬರೆದದ್ದು ಎಂದರು, ಪುಟವನ್ನು ತಿರುಗಿಸಿ ಕೆಳಗಿದ್ದ ಎರಡು ಹೆಬ್ಬೆರಳ ಗುರುತುಗಳನ್ನು ತೋರಿಸಿದರು.